ಮೇ ರಜೆಗೆ ಹೊಳೆ ದಾರೀಲೇ ನೆಂಟರ ಮನೆಗೆ: ಅಘನಾಶಿನಿ, ಶರಾವತಿ, ಪಂಚಗಂಗಾವಳಿ ಗೊತ್ತಿರೋರು ಸ್ವಲ್ಪ ಹೇಳಿ

ಸುಮಾ_ಹೊಳೆದಂಡೆ:
ಎಲ್ರಿಗೂ ನಮಸ್ಕಾರ. ಮೇನಲ್ಲಿ ಅಮ್ಮ, ನಾವಿಬ್ರು, ಮಕ್ಕಳು ಎಲ್ಲ ಸೇರಿ ಕರಾವಳಿ ಕಡೆ ಹೊರಟಿದೀವಿ. ಪ್ರತಿ ವರ್ಷ ಬೆಂಗಳೂರಿಂದ ಕಾರಲ್ಲಿ ಹೋಗೋದು, ಹೈವೇಲಿ ಒಬ್ಬೊಬ್ರ ಮನೆ ಮುಂದೆ ನಿಲ್ಸಿ ಚಾ ಕುಡಿಯೋದು, ಮಕ್ಕಳು ಮೊಬೈಲ್ ನೋಡ್ತಾ ಕೂರೋದು, ಇಷ್ಟೇ ಆಗ್ತಿದೆ. ನಮ್ಮ ನೆಂಟರ ಮನೆಗಳು ಎಲ್ಲಾ ಹೊಳೆ ದಂಡೇಲೇ ಇರೋದು, ದೊಡ್ಡಮ್ಮ ಅಘನಾಶಿನಿ ಅಳಿವೆ (ಹೊಳೆ ಸಮುದ್ರ ಸೇರೋ ಜಾಗ) ಹತ್ರ, ಸೋದರಮಾವ ಹೊನ್ನಾವರದಿಂದ ಮೇಲೆ ಶರಾವತಿ ದಂಡೇಲಿ, ನಮ್ಮನೆಯವರ ಸೋದರತ್ತೆ ಗಂಗೊಳ್ಳೀಲಿ. ಅಮ್ಮ ಚಿಕ್ಕವರಿದ್ದಾಗ ಈ ಮನೆಗಳಿಗೆ ಹಬ್ಬಕ್ಕೆ, ಮದುವೆಗೆ, ಬಾಣಂತನಕ್ಕೆ ಎಲ್ಲದಕ್ಕೂ ದೋಣೀಲೇ ಹೋಗ್ತಿದ್ರಂತೆ. ಈಗ ಅಮ್ಮಂಗೆ ಎಪ್ಪತ್ತೆರಡು, ಇನ್ನೊಂದ್ಸಲ ಹಾಗೇ ಹೋಗ್ಬೇಕು ಅಂತ ಅವರಿಗೆ ತುಂಬಾ ಆಸೆ, ನಮಗೂ ಮಕ್ಕಳಿಗೆ ಅದನ್ನ ತೋರಿಸ್ಬೇಕು ಅಂತ.

ಕೇಳ್ಬೇಕಾಗಿರೋದು ಇಷ್ಟು. ಮಂಡಿ ನೋವಿರೋ ಅಮ್ಮನ್ನ ದೋಣಿಗೆ ಹತ್ತಿಸೋದು ಹೇಗೆ? ಮಕ್ಕಳು ಒಬ್ಬಳಿಗೆ ಹನ್ನೊಂದು, ಒಬ್ಬನಿಗೆ ಆರು, ಈಜು ಬರೋದಿಲ್ಲ. ಮೇ ತಿಂಗಳು ಹೋಗೋದು ಸರಿಯಾ? ಮೂರೂ ಕಡೆ ಸಮುದ್ರದಲ್ಲೇ ಒಂದೇ ಬೋಟಲ್ಲಿ ಹೋಗೋಕಾಗುತ್ತಾ ಅಂತ ನಮ್ಮನೆಯವರು ಕೇಳ್ತಿದಾರೆ.

ಕುಮಟಾ_ಮಾಣಿ:
ಮೊದ್ಲು ಕೊನೇ ಪ್ರಶ್ನೆಗೆ. ಸಮುದ್ರದಲ್ಲಿ ಬೇಡ, ಆ ಯೋಚನೆನೇ ಬಿಟ್ಬಿಡಿ ಅಕ್ಕ. ಪ್ರತಿ ಹೊಳೆಯ ಅಳಿವೆ ಬಾಯಲ್ಲೂ ಮರಳು ದಿಬ್ಬ ಇರ್ತದೆ, ಅದು ವರ್ಷಾ ವರ್ಷ ಜಾಗ ಬದಲಾಯಿಸ್ತದೆ, ದಿನಾ ಮೀನಿಗೆ ಹೋಗೋರೇ ಅಲ್ಲಿ ಹುಷಾರಾಗಿ ದಾಟೋದು. ಮಕ್ಕಳು ಮುದುಕರನ್ನ ಇಟ್ಕೊಂಡು ಆ ಬಾಯಿ ದಾಟೋ ಕೆಲಸ ಅಲ್ಲ. ಹೊಳೆ ಹೊಳೆಗೆ ಬೇರೆ ದೋಣಿ ಮಾಡಿ, ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ರೈಲಲ್ಲಿ ಹೋಗಿ. ಕುಮಟಾ, ಹೊನ್ನಾವರ, ಕುಂದಾಪುರ ಮೂರೂ ಕೊಂಕಣ ರೈಲ್ವೆ ಲೈನಲ್ಲೇ ಇದೆ, ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದ್ರೆ ಬೆಳಿಗ್ಗೆ ಈ ಕಡೆ ಇಳೀತೀರಿ.

ಇನ್ನು ಅಮ್ಮನ್ನ ಹತ್ತಿಸೋದು. ಇದಕ್ಕೆಲ್ಲ ಒಂದೇ ಉತ್ತರ, ಭರತ (ಸಮುದ್ರದ ನೀರು ಹೊಳೆಗೆ ಏರೋ ಹೊತ್ತು) ನೋಡ್ಕೊಂಡು ಹೋಗಿ. ನೀರು ಪೂರ್ತಿ ಏರಿದಾಗ ದೋಣಿ ದಕ್ಕೆ (ದೋಣಿ ಹತ್ತಿ ಇಳಿಯೋ ಕಟ್ಟೆ) ಮೆಟ್ಟಿಲ ಸಮಕ್ಕೆ ಬಂದು ನಿಲ್ತದೆ, ಅಮ್ಮ ಕೈ ಹಿಡ್ಕೊಂಡು ಒಂದು ಹೆಜ್ಜೆ ಇಟ್ಟರೆ ಮುಗೀತು. ಅದೇ ಇಳಿತದಲ್ಲಿ ಬಂದ್ರೆ ಮೆಟ್ಟಿಲೆಲ್ಲ ಪಾಚಿ, ಅದರ ಕೆಳಗೆ ಮೊಣಕಾಲವರೆಗೆ ಕೆಸರು, ದೋಣಿ ಹತ್ತು ಮಾರು ಆಚೆ ನಿಂತಿರ್ತದೆ. ಟೂರಿಸ್ಟ್‌ಗಳು ದುಡ್ಡು, ಟೈಮು ನೋಡ್ತಾರೆ, ಭರತ ಯಾರೂ ಕೇಳಲ್ಲ.

ಲೆಕ್ಕ ಕಷ್ಟ ಇಲ್ಲ. ದಿನಕ್ಕೆರಡು ಭರತ ಎರಡು ಇಳಿತ, ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗ್ತದೆ. ನಮ್ಮ ಕಡೆ ಅಮಾಸೆ ಹುಣ್ಣಿಮೆಗೆ ಹನ್ನೊಂದು ಹನ್ನೆರಡರ ಹೊತ್ತಿಗೆ ಭರತ ತುಂಬ್ತದೆ, ಹಾಗಾಗಿ ಹುಣ್ಣಿಮೆಗೆ ಒಂದೆರಡು ದಿನ ಮುಂಚೆ ಬಂದ್ರೆ ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೇ ನೀರು ಮೇಲಿರ್ತದೆ, ಗಾಳಿನೂ ಇನ್ನೂ ಎದ್ದಿರಲ್ಲ. ಪಂಚಾಂಗ ನೋಡಿ ತಾರೀಖು ಹಾಕಿ, ಆಮೇಲೆ ರೈಲು ಟಿಕೆಟ್ ಬುಕ್ ಮಾಡಿ. ಹೊಳೆ ಒಳಗೆ ಮೇಲೆ ಹೋದಷ್ಟೂ ಭರತ ತಡ ಆಗಿ ಬರ್ತದೆ ಅನ್ನೋದೂ ನೆನಪಿರ್ಲಿ, ಕರಾರುವಾಕ್ಕಾಗಿ ಬೇಕಾದ್ರೆ ಆ ಊರಿನ ದೋಣಿಯವರನ್ನೇ ಕೇಳಿ.

ವಿನಯ್_ಮೈಸೂರು:
ಕ್ಷಮಿಸಿ, ಆದ್ರೆ ಇಷ್ಟೆಲ್ಲ ಕಷ್ಟ ಯಾಕೆ ಅಂತ ನಂಗೆ ಅರ್ಥ ಆಗ್ಲಿಲ್ಲ. ವಯಸ್ಸಾದವರು, ಈಜು ಬಾರದ ಮಕ್ಕಳು, ಮೇ ಬಿಸಿಲು. ಒಂದು ಒಳ್ಳೆ ರೆಸಾರ್ಟ್‌ನಲ್ಲಿ ರೂಮ್ ಮಾಡಿ, ಒಂದು ಗಂಟೆ ಬೋಟಿಂಗ್ ಮಾಡ್ಸಿ, ನೆಂಟರನ್ನ ಅಲ್ಲಿಗೇ ಊಟಕ್ಕೆ ಕರೀರಿ. ಅವರಿಗೂ ಖುಷಿ ನಿಮಗೂ ಖುಷಿ.

ಕುಂದಾಪ್ರ_ಗಿರಿಜಕ್ಕ:
ಹ್ವಾಯ್ ವಿನಯ್, ನೆಂಟ್ರನ್ನ ರೆಸಾರ್ಟಿಗ್ ಕರುದ್ ಬೇರೆ, ನಾವ್ ಅವ್ರ ಮನಿ ಜಗ್ಲಿಗ್ ಹೋಯಿ ಕೂಕಂಬುದ್ ಬೇರೆ ಅಲ್ದಾ. ವಯಸ್ಸಾದ್ ಅತ್ತೆದಿಕ್ಕ್ ನಾವ್ ಮನಿಗ್ ಬಂದ್ರೇ ಬಂದಂಗೆ. ಅದ್ರಗೂ ಹೊಳಿ ಬದಿಯಂಗೆ ಬಂದ್ ಇಳ್ದ್ರೆ ಆ ಸಂತೋಷ ಕಾಣ್ಕ್ ನೀವು.

ಸುಮಾ, ಗಂಗೊಳ್ಳಿಗೆ ಕುಂದಾಪ್ರದಿಂದ ರಸ್ತೆ ಮೇಲ್ ಹೋಪುದಾರೆ ಸುತ್ತ್ ಹಾಕ್ಕಂಡ್ ಹದ್ನೈದ್ ಕಿಲೋಮೀಟ್ರಿಗೂ ಮೇಲೆ ಆತ್ತ್, ಹೊಳಿ ದಾಟ್ರೆ ಎದ್ರ್ ಕಾಂತತ್ತಲೆ ಗಂಗೊಳ್ಳಿ. ನಾವ್ ಸಣ್ಣಕ್ಕಿಪ್ಪತ್ತಿಗೆ ಶಾಲಿ, ಆಸ್ಪತ್ರಿ, ಸಂತಿ ಎಲ್ಲಾ ದೋಣಿಯಂಗೇ. ಐದ್ ಹೊಳಿ ಸೇರಿ ಸಮುದ್ರಕ್ಕ್ ಹೋಪು ಜಾಗ ಅದು, ಸೌಪರ್ಣಿಕಾ, ವಾರಾಹಿ, ಚಕ್ರ ಎಲ್ಲಾ ಬಪ್ಪುದ್ ಅಲ್ಲಿಗೆ. ಅದ್ಕೇ ಪಂಚಗಂಗಾವಳಿ ಅಂಬುದ್. ನಿಮ್ ರೈಲಿನ್ ಹೆಸ್ರೂ ಅದೇ ಕಾಣಿ. ಮಧ್ಯ ಮಧ್ಯ ಕುದ್ರು, ಅಂದ್ರೆ ಹೊಳಿ ನಡುವಿನ ದ್ವೀಪ, ಇತ್ತ್, ಉಪ್ಪಿನಕುದ್ರಿಗೆ ಹೋಯಿ, ಅಲ್ಲಿ ಯಕ್ಷಗಾನ ಗೊಂಬಿಯಾಟ ತಲತಲಾಂತರದಿಂದ ನಡ್ಸಿಕಂಡ್ ಬಂದ್ ಕುಟುಂಬ ಇತ್ತ್, ಕೊಗ್ಗ ಕಾಮತರ ಹೆಸ್ರ್ ಕೇಂಡಿರ್ತ್ರಿ. ಮಕ್ಳಿಗೆ ಗೊಂಬಿ ತೋರ್ಸಿ.

ಉಡುಪಿ_ನರ್ಸ್:
ವಿನಯ್ ಅವರ ಭಯ ನಂಗೆ ಅರ್ಥ ಆಗುತ್ತೆ, ಆದ್ರೆ ರೆಸಾರ್ಟ್ ಬೋಟ್ ಅಂದ ಮಾತ್ರಕ್ಕೆ ಸೇಫ್ ಅಂತ ಏನಿಲ್ಲ. 2023ರ ಮೇ 7ಕ್ಕೆ ಕೇರಳದ ತಾನೂರಲ್ಲಿ ಆದ ದುರಂತ ನೆನಪಿದೆಯಾ? ರಜೆ ದಿನ, ಸಂಜೆ ಕತ್ತಲಾಗೋ ಹೊತ್ತು, ಮೀನುಗಾರಿಕೆ ಬೋಟನ್ನೇ ಟೂರಿಸ್ಟ್ ಬೋಟ್ ಮಾಡಿದ್ರು, ಮಿತಿಗಿಂತ ಜಾಸ್ತಿ ಜನ. 22 ಜನ ಹೋದ್ರು, ಅದರಲ್ಲಿ ಹನ್ನೊಂದು ಜನ ಒಂದೇ ಕುಟುಂಬದವರು, ರಜೆಗೆ ಅಂತ ಒಟ್ಟಿಗೆ ಸೇರಿದ್ದವರು. ನಮ್ಮಲ್ಲೇ 2019ರ ಜನವರಿ 21ಕ್ಕೆ ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುವಾಗ ಬೋಟ್ ಮಗುಚಿ 16 ಜನ ತೀರ್ಕೊಂಡ್ರು. ಅಲ್ಲೂ ಮನೆಮಂದಿಯೆಲ್ಲ ಒಟ್ಟಿಗೆ ಹೋಗಿದ್ದವರಿದ್ರು. ಕುಟುಂಬ ಅಂದ್ರೆ ಒಂದೇ ಬೋಟಲ್ಲಿ ಎಲ್ರೂ ಕೂರ್ಬೇಕು ಅಂತ ಆಸೆ ಇರುತ್ತೆ, ನೆಂಟರ ಮಕ್ಕಳು ನಾನೂ ಬರ್ತೀನಿ ಅಂತ ಹಾರ್ತಾರೆ, ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಅಪಾಯ ಇರೋದು ಅಲ್ಲೇ. ಎರಡು ದೋಣಿ ಮಾಡಿ, ಇಲ್ಲಾಂದ್ರೆ ಎರಡು ಸಲ ಹೋಗಿ, ಆದ್ರೆ ದೋಣಿ ಮೇಲೆ ಬರೆದಿರೋ ಸಂಖ್ಯೆಗಿಂತ ಒಬ್ಬರನ್ನೂ ಜಾಸ್ತಿ ಹತ್ತಿಸ್ಬೇಡಿ.

ಲೈಫ್ ಜಾಕೆಟ್ ಮಾತ್ರ ಬೆಂಗಳೂರಿಂದಲೇ ತಗೊಂಡು ಬನ್ನಿ ಸುಮಾ, ಮಕ್ಕಳದ್ದು ವಿಶೇಷವಾಗಿ. ಇಲ್ಲಿ ದೊಡ್ಡವರದ್ದು ಸಿಗುತ್ತೆ, ಆರು ವರ್ಷದ ಮಗೂಗೆ ದೊಡ್ಡವರ ಜಾಕೆಟ್ ಹಾಕಿದ್ರೆ ನೀರಿಗೆ ಬಿದ್ದ ತಕ್ಷಣ ಜಾಕೆಟ್ ಮೇಲೆ ತೇಲುತ್ತೆ, ಮಗು ಕೆಳಗಿಂದ ಜಾರುತ್ತೆ. ತೂಕ ನೋಡಿ ತಗೊಳ್ಳಿ, ವಯಸ್ಸು ನೋಡಿ ಅಲ್ಲ. ಕಾಲ್ಗಳ ನಡುವೆ ಬರೋ ಪಟ್ಟಿ ಇರಲೇಬೇಕು. ಹಾಕಿದ ಮೇಲೆ ಎರಡೂ ಭುಜದ ಹತ್ರ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಜಾಕೆಟ್ ಗಲ್ಲ ದಾಟಿ ಕಿವಿ ಹತ್ರ ಬಂತು ಅಂದ್ರೆ ಅದು ಸಡಿಲ, ಬಿಗಿ ಮಾಡಿ ಇನ್ನೊಂದ್ಸಲ ಎತ್ತಿ. ಅಮ್ಮಂಗೂ ಹೀಗೇ. ಸೀರೆ ಮೇಲೆ ಜಾಕೆಟ್ ಹಾಕ್ಕೊಳ್ಳೋಕೆ ಹಿರಿಯರು ಒಪ್ಪಲ್ಲ, ಸೆರಗು ಒಳಗೆ ಸೇರಿಸಿ ಅದರ ಮೇಲೆ ಹಾಕ್ಸಿ, ಆಗಲ್ಲ ಅಂದ್ರೆ ಚೂಡಿದಾರ್ ಹಾಕ್ಸಿ.

ಕುಮಟಾ_ಮಾಣಿ:
ನರ್ಸ್ ಅಕ್ಕ ಹೇಳಿದ್ದು ಅಷ್ಟೂ ಸರಿ. ನಮ್ಮ ಊರಲ್ಲೇ ನಾವೇ ಜಾಕೆಟ್ ಹಾಕ್ದೆ ದಾಟ್ತಿದ್ವಿ, ಈಗ ಹಾಗಿಲ್ಲ, ಹಾಗಿರಲೂ ಬಾರದು. ಇನ್ನೊಂದು ವಿಷಯ, ಮೀನು ಹಿಡಿಯೋ ದೋಣಿಯ ಲೈಸೆನ್ಸು ಬೇರೆ, ಜನ ಸಾಗಿಸೋ ಲೈಸೆನ್ಸು ಬೇರೆ. ನೆಂಟರ ಪರಿಚಯದವರು ಅಂತ ಯಾವ್ದೋ ಬಲೆ ದೋಣಿಗೆ ಹತ್ತಬೇಡಿ. ಬಂದರು ಇಲಾಖೆಯಿಂದ ಪರವಾನಗಿ ಇರೋ ದೋಣಿನೇ ಕೇಳಿ, ದೊಡ್ಡಮ್ಮನ ಮನೆಯವರಿಗೆ ಯಾರದ್ದು ಸರಿ ಯಾರದ್ದು ಅಲ್ಲ ಅಂತ ಗೊತ್ತಿರ್ತದೆ.

ಗಾಳಿ ವಿಷಯ ಹೇಳೋದು ಬಿಟ್ಟಿದ್ದೆ. ಮೇನಲ್ಲಿ ಹನ್ನೆರಡು ಗಂಟೆ ದಾಟಿದ ಮೇಲೆ ಪಡುವಣ ಗಾಳಿ ಏಳ್ತದೆ, ಅಗಲ ಇರೋ ಕಡೆ ಹೊಳೆ ಮೇಲೆ ತೆರೆ ಸುರುವಾಗ್ತದೆ. ಇಳಿತದ ನೀರು ಸಮುದ್ರಕ್ಕೆ ಓಡ್ತಿರುವಾಗ ಎದುರಿಂದ ಗಾಳಿ ಬಂದ್ರೆ ತೆರೆ ಇನ್ನೂ ಕೆಟ್ಟದಾಗ್ತದೆ. ಮೇ ಕೊನೇಲಿ ಸಂಜೆ ಸಿಡಿಲು ಮಳೆ ಬೇರೆ. ಬೆಳಿಗ್ಗೆ ಏಳರಿಂದ ಹನ್ನೊಂದು, ಅಷ್ಟರೊಳಗೆ ಎಲ್ಲ ಮುಗಿಸಿ.

ತುಮರಿ_ಸೀಮೆ:
ನಮ್ಮ ಕಡೆದೂ ಸೇರಿಸ್ತೀನಿ, ಶರಾವತಿ ಅಂದ್ರೆ ಹೊನ್ನಾವರ ಮಾತ್ರ ಅಲ್ಲ. ಲಿಂಗನಮಕ್ಕಿ ಹಿನ್ನೀರಲ್ಲಿ ನಮಗೆಲ್ಲ ನೆಂಟರ ಮನೆಗೆ ಹೋಗೋದು ಅಂದ್ರೆ ಲಾಂಚ್ (ಜನ, ವಾಹನ ದಾಟಿಸೋ ದೊಡ್ಡ ದೋಣಿ) ಹತ್ತೋದು ಅಂತಲೇ ಅರ್ಥ ಆಗಿತ್ತು. 1964ಕ್ಕೆ ಡ್ಯಾಂ ಆದ ಮೇಲೆ ಅರ್ಧ ನೆಂಟರು ಆಚೆ ದಡ, ಅರ್ಧ ನೆಂಟರು ಈಚೆ ದಡ ಆದ್ರು, ಇನ್ನು ಕೆಲವರು ಶಿವಮೊಗ್ಗ ಕಡೆ ಕಾಡಿಗೆ ಹೋಗಿ ಮನೆ ಕಟ್ಟಿದ್ರು. ನಮ್ಮಜ್ಜನ ತೋಟ, ಮನೆ, ಊರ ದೇವಸ್ಥಾನ ಎಲ್ಲ ನೀರಡಿ. ಬೇಸಿಗೇಲಿ ನೀರು ತೀರಾ ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಡ್ಯಾಂ ಮೇಲೆ ಬರುತ್ತೆ, ಜನ ನೋಡೋಕೆ ಬರ್ತಾರೆ, ನಮ್ಮ ಮನೆಯ ಹಿರಿಯರು ಮಾತ್ರ ಡ್ಯಾಂ ನೋಡಲ್ಲ, ಅಲ್ಲಿಂದ ನಮ್ಮ ಊರು ಯಾವ ದಿಕ್ಕಿಗಿತ್ತು ಅಂತ ನೋಡ್ತಾರೆ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಯ್ತು, ಸಿಗಂದೂರಿಗೆ ಈಗ ಸೀದಾ ಕಾರಲ್ಲಿ ಹೋಗ್ಬಹುದು. ನಮಗೆ ದೊಡ್ಡ ಉಪಕಾರ, ರಾತ್ರಿ ಹೊತ್ತು ಹೆರಿಗೆ ನೋವು ಬಂದ್ರೆ ಲಾಂಚ್ ಇಲ್ಲ ಅಂತ ಎಷ್ಟು ಮನೆಯವರು ಅತ್ತಿದಾರೋ. ನೀರು ಕಡಿಮೆಯಾದ ವರ್ಷ ಬೇಸಿಗೆ ಕೊನೆಗೆ ವಾಹನ ಹತ್ತಿಸೋದನ್ನೇ ನಿಲ್ಲಿಸ್ತಿದ್ರು, ಬಸ್ಸು ಆ ದಡದಲ್ಲಿ ಬಿಟ್ಟು ಜನ ಮಾತ್ರ ದಾಟ್ಬೇಕಿತ್ತು. ಯಾರಾದ್ರೂ ಹಿನ್ನೀರಲ್ಲಿ ಬೋಟ್ ಮಾಡೋದಾದ್ರೆ ಒಂದು ಎಚ್ಚರಿಕೆ, ಇಲ್ಲಿ ಭರತ ಇಳಿತ ಇಲ್ಲ, ಆದ್ರೆ ನೀರು ಇಳಿದಾಗ ಮುಳುಗಿದ ಮರಗಳ ಬೊಡ್ಡೆ ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗೇ ಇರ್ತವೆ, ಕಾಣಲ್ಲ. ಆ ದಾರಿ ಗೊತ್ತಿರೋರ ಜೊತೆ ಬಿಟ್ಟು ಹೋಗ್ಬೇಡಿ.

ಸುಮಾ_ಹೊಳೆದಂಡೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ತುಮರಿ ಕಡೆಯವರೇ, ನಿಮ್ಮದನ್ನ ಅಮ್ಮಂಗೆ ಓದಿ ಹೇಳಿದೆ, ಅಮ್ಮ ತುಂಬಾ ಹೊತ್ತು ಅದೇ ಮಾತಾಡ್ತಿದ್ರು, ಅವರ ಗೆಳತಿ ಒಬ್ಬರ ತವರು ಹಾಗೇ ಹೋಯ್ತಂತೆ. ಪಂಚಾಂಗ ನೋಡಿ ಹುಣ್ಣಿಮೆ ಮುಂಚಿನ ದಿನಗಳಿಗೆ ಟಿಕೆಟ್ ಮಾಡಿದೀವಿ, ಮಕ್ಕಳ ಜಾಕೆಟ್ ತಗೊಂಡಾಯ್ತು. ಬಂದ ಮೇಲೆ ಬರೀತೀನಿ.

ಸುಮಾ_ಹೊಳೆದಂಡೆ:
ಬಂದ್ವಿ! ಹೇಳಿದ ಹಾಗೆ ಬರೀತಿದೀನಿ, ಉದ್ದ ಆಗುತ್ತೆ, ಮುಂದೆ ಹೋಗೋರಿಗೆ ಉಪಯೋಗ ಆಗ್ಲಿ ಅಂತ ಎಲ್ಲಾ ಬರೀತೀನಿ.

ಮೊದಲು ಅಘನಾಶಿನಿ. ರೈಲು ಇಳಿದು ತದಡಿಗೆ ಹೋಗಿ ಅಲ್ಲಿಂದ ಆಚೆ ದಡ. ದೊಡ್ಡಮ್ಮನ ಮಗ ಗೊತ್ತಿರೋ ದೋಣಿನೇ ಹೇಳಿಟ್ಟಿದ್ದ, ಸೀದಾ ದಾಟಿಸದೆ ಹೊಳೆ ಒಳಗೆ ಒಂದು ಸುತ್ತು ಹಾಕಿ ಕರ್ಕೊಂಡು ಬಂದ್ರು. ಮಾಣಿಯವರು ಹೇಳಿದ ಹಾಗೇ ನೀರು ತುಂಬಿತ್ತು, ಅಮ್ಮ ಒಂದೇ ಹೆಜ್ಜೆ, ಯಾರ ಸಹಾಯನೂ ಬೇಕಾಗ್ಲಿಲ್ಲ ಅನ್ನೋ ಹಾಗೆ ಕೂತ್ಬಿಟ್ರು. ಸಾಣಿಕಟ್ಟಾ ಕಡೆ ಉಪ್ಪಿನಾಗರ ನೋಡಿದ್ವಿ, ಬೇಸಿಗೆ ಆದ್ದರಿಂದ ಉಪ್ಪು ತೆಗೆದು ರಾಶಿ ಹಾಕಿದ್ರು. ಈ ಹೊಳೆಗೆ ಇವತ್ತಿನವರೆಗೂ ಎಲ್ಲೂ ಅಣೆಕಟ್ಟು ಇಲ್ಲ ಅಂತ ದೋಣಿಯವರು ಎಷ್ಟು ಹೆಮ್ಮೆಯಿಂದ ಹೇಳಿದ್ರು ಅಂದ್ರೆ, ಶಿರಸಿ ಕಡೆ ಹುಟ್ಟಿ ಉಂಚಳ್ಳೀಲಿ ಧುಮುಕಿ ಇಲ್ಲಿಗೆ ಬರೋವರೆಗೂ ಯಾರೂ ತಡೆದಿಲ್ಲ, ಅದಕ್ಕೇ ನಮ್ಮ ಹೊಳೇಲಿ ಇಷ್ಟು ಬೆಳಚು (ತಿನ್ನೋ ಚಿಪ್ಪು), ಇಷ್ಟು ಮೀನು ಅಂತ. 2024ಕ್ಕೆ ಈ ಅಳಿವೆ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ, ಅದು ಮಾತ್ರ ಅವರಿಗೆ ದೊಡ್ಡ ವಿಷಯ ಅನ್ನಿಸ್ಲಿಲ್ಲ, ಬೆಳಚೇ ಅವರಿಗೆ ಮುಖ್ಯ.

ಸಂಜೆ ಇಳಿತದಲ್ಲಿ ಅದನ್ನ ಕಣ್ಣಾರೆ ನೋಡಿದ್ವಿ. ಬೆಳಿಗ್ಗೆ ನಾವು ದೋಣೀಲಿ ಹೋದ ಜಾಗದಲ್ಲೇ ಹೆಂಗಸರು ಸೊಂಟದವರೆಗೆ ನೀರಲ್ಲಿ ನಿಂತು ಕಾಲಲ್ಲೇ ಕೆಸರು ತಡವಿ ಬೆಳಚು ಹುಡುಕ್ತಿದ್ರು. ಹೆಬ್ಬೆರಳಿಗೆ ತಾಗಿದ ತಕ್ಷಣ ಬಗ್ಗಿ ಕೈ ಹಾಕ್ತಾರೆ, ಸಣ್ಣದು ಸಿಕ್ಕಿದ್ರೆ ಅಲ್ಲೇ ವಾಪಸ್ ಬಿಡ್ತಾರೆ. ದೊಡ್ಡಮ್ಮನ ಸೊಸೆ ನನ್ನ ಮಗಳನ್ನ ದಂಡೇಲೇ ಕೆಸರಿಗಿಳಿಸಿ ಕಲಿಸಿದ್ರು, ಅವಳಿಗೂ ಒಂದು ಬೊಗಸೆ ಸಿಕ್ತು. ರಾತ್ರಿ ಅದರದ್ದೇ ಸುಕ್ಕ, ಕಗ್ಗದ ಅಕ್ಕಿ ಗಂಜಿ. ಉಪ್ಪು ನೀರು ತಡ್ಕೊಂಡು ಗಜನೀಲಿ (ಅಳಿವೆ ಬದಿಯ ತಗ್ಗು ಗದ್ದೇಲಿ) ಬೆಳೆಯೋ ಭತ್ತ ಅದು, ಈಗ ಬೆಳೆಯೋರು ತುಂಬಾ ಕಡಿಮೆ, ದೊಡ್ಡಮ್ಮ ನಮಗೆ ಅಂತಲೇ ತರಿಸಿಟ್ಟಿದ್ರು. ಕೆಂಪಗೆ ದಪ್ಪ ಅಕ್ಕಿ, ಅಮ್ಮ ಎರಡು ಸಲ ಹಾಕಿಸ್ಕೊಂಡ್ರು.

ಹೊರಡುವಾಗ ಕುಮಟಾ ಈರುಳ್ಳಿ ಜಡೆ, ಕರಿ ಈಶಾಡ ಮಾವಿನ ಹಣ್ಣು, ಹಲಸಿನ ಹಪ್ಪಳ ಎಲ್ಲ ಕೊಟ್ರು. ದೋಣಿಗೆ ಭಾರ ಜಾಸ್ತಿ ಆಗುತ್ತೆ ಅಂತ ಒಂದು ಚೀಲ ಬಿಟ್ಟು ಹೊರಟ್ರೆ ದೊಡ್ಡಮ್ಮ ಅದನ್ನ ಮೊಮ್ಮಗನ ಕೈಲಿ ಬೈಕಲ್ಲಿ ಸ್ಟೇಷನ್‌ಗೇ ಕಳ್ಸಿದ್ರು.

ವಿನಯ್_ಮೈಸೂರು:
ಓದಿ ಖುಷಿಯಾಯ್ತು. ಮುಂದಿನದು ಬರೀರಿ. ನಮ್ಮ ಅಮ್ಮಂಗೂ ತೋರಿಸ್ತಿದೀನಿ ಇದನ್ನ.

ಸುಮಾ_ಹೊಳೆದಂಡೆ:
ಶರಾವತಿ. ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು.

ಹೊನ್ನಾವರದಲ್ಲಿ ಇಳಿದ ದಿನ ಮಾವನ ಮನೆ ದೋಣಿಗೆ ಮರುದಿನ ಬೆಳಿಗ್ಗೆ ಹೇಳಿತ್ತು, ಸಂಜೆ ಖಾಲಿ ಇತ್ತಲ್ಲ ಅಂತ ಮಕ್ಕಳು ಹಟ ಮಾಡಿದ್ದಕ್ಕೆ ಒಂದು ಟೂರಿಸ್ಟ್ ಬೋಟಿನ ಜಾಗಕ್ಕೆ ಹೋದ್ವಿ. ಜಾಕೆಟ್ ಕೇಳಿದ್ರೆ ಸೀಟಿನ ಕೆಳಗಿಂದ ಒಂದು ಕಟ್ಟು ಎಳೆದು ಕೊಟ್ರು, ನರ್ಸ್ ಅವರು ಹೇಳಿದ ಹಾಗೆ ಭುಜ ಹಿಡಿದು ಎತ್ತಿ ನೋಡಿದ್ರೆ ಬಕಲ್ಲೇ ಕೈಗೆ ಬಂತು, ಇನ್ನೊಂದರದ್ದು ಪಟ್ಟಿನೇ ಇಲ್ಲ. ಹತ್ತೇ ನಿಮಿಷ ಮೇಡಂ ಏನಾಗಲ್ಲ ಅಂದ್ರು. ನಾವು ಹತ್ಲಿಲ್ಲ. ಮಗ ಅತ್ತ, ಅಳಲಿ ಅಂತ ಅಲ್ಲೇ ಹೊನ್ನಾವರದ ಕಾಸರಕೋಡ್ ಬೀಚಿಗೆ ಕರ್ಕೊಂಡು ಹೋದ್ವಿ.

ಬೆಳಿಗ್ಗೆ ಹೋಗಿದ್ದು ಮಾತ್ರ ಎಷ್ಟು ಚೆಂದ ಇತ್ತು ಅಂದ್ರೆ. ಭರತ ಏರ್ತಾ ಇರುವಾಗಲೇ ಹೊರಟ್ವಿ, ಏರೋ ನೀರೇ ದೋಣಿನ ಮೇಲಕ್ಕೆ ತಗೊಂಡು ಹೋಗುತ್ತೆ, ಎಂಜಿನ್ ಸಣ್ಣಗೆ ಇಟ್ಟರೂ ಸಾಕು. ಎರಡು ಕಿಲೋಮೀಟರ್ ಉದ್ದದ ರೈಲ್ವೆ ಸೇತುವೆ, ಕೊಂಕಣ ರೈಲ್ವೇಲೇ ಅತಿ ಉದ್ದದ್ದಂತೆ, ಅದರಡಿ ಹೋಗುವಾಗ ಸರಿಯಾಗಿ ಮೇಲೆ ಗೂಡ್ಸ್ ಬಂತು, ಮಕ್ಕಳು ಕಿರುಚಿದ್ದು ನನಗೇ ಕೇಳ್ಸಲಿಲ್ಲ. ಆಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸಣ್ಣ ಕವಲು, ಬೇರುಗಳೆಲ್ಲ ನೀರಿಗಿಳಿದು ನಿಂತಿದ್ದವು, ಎರಡೂ ಕಡೆ ಕೊಂಬೆ ತಲೆಗೆ ತಾಗೋವಷ್ಟು ಹತ್ರ. ರಸ್ತೆ ಸರಿಯಾಗೋ ಮೊದಲು ಹೊನ್ನಾವರದಿಂದ ಗೇರುಸೊಪ್ಪೆವರೆಗೂ ಇದೇ ದಾರಿ, ಜೋಗ ನೋಡೋಕೆ ಬರೋರೂ ದೋಣೀಲಿ ಗೇರುಸೊಪ್ಪೆಗೆ ಬಂದು ಅಲ್ಲಿಂದ ಘಟ್ಟ ಹತ್ತೋದು, ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿ ಕಾಲದಲ್ಲಿ ಮೆಣಸಿನ ಮೂಟೆ ಇಳಿದು ಬಂದಿದ್ದೂ ಈ ಹೊಳೇಲೇ. ಅಮ್ಮ ಇದನ್ನೆಲ್ಲ ಮಕ್ಕಳಿಗೆ ಹೇಳ್ತಾ, ಮಧ್ಯೆ ದೋಣಿಯವರಿಗೆ ಇಲ್ಲಿ ಒಂದು ದೊಡ್ಡ ಮಾವಿನಮರ ಇತ್ತಲ್ಲ, ಈ ಕಡವಿಗೆ ಇಂಥವರ ಮನೆ ಅಲ್ವಾ ಅಂತ ಕೇಳ್ತಾ ಕೂತಿದ್ರು. ಅವರಿಬ್ಬರ ಮಾತು ಮುಗೀಲೇ ಇಲ್ಲ, ದೋಣಿಯವರ ಅಪ್ಪ ಅಮ್ಮಂಗೆ ಗೊತ್ತಿದ್ದವರೇ.

ಮಾವ ಮೊಣಕಾಲು ನೀರಿಗೆ ಇಳಿದು ನಿಂತಿದ್ರು, ದೋಣಿ ಮೂತಿ ಹಿಡಿದು ಎಳೆದು ತಂಗಿ ಕೈ ಹಿಡ್ಕೊಂಡ್ರು. ಎಪ್ಪತ್ತೆಂಟು ವಯಸ್ಸು ಅವರಿಗೆ. ಇಬ್ಬರೂ ಏನೂ ಮಾತಾಡ್ಲಿಲ್ಲ, ಅತ್ತೆನೇ ಮೇಲಿಂದ ಕೂಗಿದ್ರು, ಬಿಸಿಲಲ್ಲಿ ನಿಲ್ಲಿಸ್ಬೇಡಿ ಒಳಗೆ ಕರ್ಕೊಂಡು ಬನ್ನಿ ಅಂತ.

ಲೆಕ್ಕದ ಪ್ರಕಾರ ಊಟ ಬೇಗ ಮುಗಿಸಿ ಹನ್ನೊಂದಕ್ಕೆ ವಾಪಸ್ ದೋಣಿ, ಮಧ್ಯಾಹ್ನ ಕುಂದಾಪುರದ ರೈಲು. ಅದು ನೆಂಟರ ಮನೇಲಿ ಆಗೋ ಮಾತಾ? ಅಕ್ಕಪಕ್ಕದ ಮನೆಯವರೆಲ್ಲ ಅಮ್ಮನ್ನ ನೋಡೋಕೆ ಬಂದ್ರು, ನೊಗ್ಲಿ ಮೀನಿನ ಫ್ರೈ ಆಗ್ಬೇಕಿತ್ತು, ಮುರುಗಲು ಹಣ್ಣಿನ ಸಾರು, ಎಲೆ ಹಾಕುವಷ್ಟರಲ್ಲಿ ಒಂದು ಗಂಟೆ. ಎರಡೂವರೆಗೆ ದಂಡೆಗೆ ಬಂದ್ರೆ ದೋಣಿಯವರು ಎಂಜಿನ್ ಮುಟ್ಟಲೇ ಇಲ್ಲ. ಕೈ ಎತ್ತಿ ಪಶ್ಚಿಮಕ್ಕೆ ತೋರಿಸಿದ್ರು, ಅಗಲದ ಕಡೆ ತೆರೆಗಳ ತಲೆ ಬೆಳ್ಳಗೆ ಒಡೀತಿತ್ತು, ಬೆಳಿಗ್ಗೆ ನಾವು ಬಂದ ಅದೇ ಹೊಳೆ. "ನೀರು ಕೆಳಗೆ ಓಡ್ತದೆ, ಗಾಳಿ ಮೇಲೆ ಬರ್ತದೆ, ಮಕ್ಕಳಿದಾವೆ, ನಾ ಬಿಡೂದಿಲ್ಲ" ಅಂದ್ರು. ನಮ್ಮನೆಯವರು ರೈಲು ತಪ್ಪುತ್ತೆ ಅಂತ ಸ್ವಲ್ಪ ಜೋರಾಗೇ ಕೇಳಿದ್ರು, ದುಡ್ಡು ಜಾಸ್ತಿ ಕೊಡ್ತೀವಿ ಅಂತಲೂ ಹೇಳಿದ್ರು. ದುಡ್ಡಿನ ಮಾತು ಬಂದ ಮೇಲಂತೂ ಅವರು ಹಗ್ಗ ಇನ್ನೊಂದು ಸುತ್ತು ಬಿಗಿದು ಕಟ್ಟಿ ಮಾವನ ಜಗ್ಲಿ ಮೇಲೆ ಹೋಗಿ ಕೂತ್ರು.

ಅವರ ಮೇಲೆ ನನಗೆ ಎಷ್ಟು ಗೌರವ ಬಂತು ಅಂದ್ರೆ ಹೇಳೋಕಾಗಲ್ಲ. ಹಿಂದಿನ ಸಂಜೆ ಬಕಲ್ ಇಲ್ಲದ ಜಾಕೆಟ್ ಕೊಟ್ಟು ಏನಾಗಲ್ಲ ಅಂದವರನ್ನ ನೋಡಿದ್ವಿ, ಇಲ್ಲಿ ಜೀವಮಾನವೆಲ್ಲ ಹೊಳೆ ಮೇಲಿದ್ದವರು ಬರೋ ದುಡ್ಡು ಬಿಟ್ಟು ಆಗಲ್ಲ ಅಂತಿದಾರೆ. ದೋಣಿ ಮಾಡೋರು ಮೊದಲು ಇಂಥವರನ್ನ ಹುಡುಕಿ, ಅದಕ್ಕೆ ನೆಂಟರು ಬೇಕು, ಇಂಟರ್ನೆಟ್ಟಲ್ಲಿ ಇಂಥವರ ನಂಬರ್ ಸಿಗಲ್ಲ. ರಿಕ್ಷಾ ಮಾಡಿ ರಸ್ತೆ ಮೇಲೆ ಸ್ಟೇಷನ್‌ಗೆ ಹೋಗ್ಬಹುದಿತ್ತು, ಅಮ್ಮ ಅಣ್ಣನ ಮುಖ ನೋಡಿದ್ರು, ನಾವು ಅವತ್ತು ಅಲ್ಲೇ ಉಳಿದ್ವಿ. ಸಂಜೆ ಗುಡುಗು ಸಮೇತ ಮಳೆ ಬಂತು.

ಕುಮಟಾ_ಮಾಣಿ:
ಆ ದೋಣಿಯವರಿಗೆ ನನ್ನದೊಂದು ನಮಸ್ಕಾರ. ಹಳಬರು ಹಾಗೇ. ಇನ್ನೊಂದು ಗಮನಿಸಿದ್ರಾ, ಶರಾವತೀಲಿ ಬೆಳಚು ಆರಿಸೋರು ಅಘನಾಶಿನೀಲಿ ಕಂಡಷ್ಟು ಕಾಣಲ್ಲ. ಗೇರುಸೊಪ್ಪೆಯಿಂದ ಕರೆಂಟ್ ಮಾಡಿ ವರ್ಷಪೂರ್ತಿ ಸಿಹಿನೀರು ಬಿಡ್ತಾರೆ, ಬೇಸಿಗೇಲಿ ಏರಬೇಕಾದ ಉಪ್ಪು ಏರೋದಿಲ್ಲ, ಬೆಳಚಿಗೆ ಆ ಉಪ್ಪೇ ಬೇಕು. ಅಕ್ಕಪಕ್ಕದ ಹೊಳೆಗಳೇ ಎರಡೂ, ಮಧ್ಯೆ ಇರೋದು ಅರ್ಧ ಗಂಟೆ ದಾರಿ. ಅದಕ್ಕೇ ನಾವು ಅಘನಾಶಿನಿ ಮುಟ್ಟಬೇಡಿ ಮುಟ್ಟಬೇಡಿ ಅಂತ ಹೇಳೋದು.

ಸುಮಾ_ಹೊಳೆದಂಡೆ:
ಹೌದು, ಅಮ್ಮನೂ ಅದೇ ಕೇಳಿದ್ರು ಮಾವನ್ನ, ಮೊದಲು ಇಲ್ಲೂ ಸಿಗ್ತಿತ್ತಲ್ಲ ಅಂತ.

ಗಂಗೊಳ್ಳಿದು ಬೇಗ ಹೇಳ್ತೀನಿ, ಒಂದು ದಿನ ಕಡಿಮೆಯಾಗಿದ್ದರಿಂದ ಅಲ್ಲಿ ಜಾಸ್ತಿ ಸುತ್ತೋಕಾಗ್ಲಿಲ್ಲ. ಕುಂದಾಪುರದಿಂದ ದೋಣಿ ದಾಟಿದ್ವಿ. ಸೋದರತ್ತೆಗೆ ಈಗ ಕಣ್ಣು ಅಷ್ಟಾಗಿ ಕಾಣಲ್ಲ, ನಮ್ಮನೆಯವರ ಕೆನ್ನೆ ಮುಟ್ಟಿ ಮುಟ್ಟಿ ನೋಡಿದ್ರು, ಹೊಳಿಯಂಗ್ ಬಂದ್ರ್ಯಾ ಅಂತ ಎಷ್ಟು ಸಲ ಕೇಳಿದ್ರೋ. ಬಂದರಲ್ಲಿ ದೊಡ್ಡ ಬೋಟುಗಳೆಲ್ಲ ಸಾಲಾಗಿ ಬಂದು ನಿಲ್ತಿದ್ವು, ಜೂನ್ ಒಂದರಿಂದ ಎರಡು ತಿಂಗಳು ಮೀನುಗಾರಿಕೆ ನಿಷೇಧ ಅಲ್ವಾ, ಬಲೆ ಎಲ್ಲ ಇಳಿಸೋಕೆ ಶುರು ಮಾಡಿದ್ರು. ಗಿರಿಜಕ್ಕ ಹೇಳಿದ ಹಾಗೆ ಗೊಂಬೆಯಾಟ ನೋಡ್ಬೇಕಿತ್ತು, ಅದೊಂದು ಉಳಿದಿದೆ, ಮಗಳು ಈಗಲೇ ಮುಂದಿನ ವರ್ಷಕ್ಕೆ ಬರೆದಿಟ್ಟಿದಾಳೆ.

ಕುಂದಾಪ್ರ_ಗಿರಿಜಕ್ಕ:
ಮುಂದಿನ್ ಸರ್ತಿ ಬಪ್ಪತ್ತಿಗೆ ಮೊದ್ಲೇ ಹೇಳಿ, ಆಟ ಯಾವತ್ತ್ ಇತ್ತ್ ಅಂದ್ ಕೇಂಡ್ ಹೇಳ್ತೆ. ಒಂದ್ ದಿನ ನಮ್ಮನಿಗೂ ಬರ್ಕ್.

ದೀಪಾ_ದಾವಣಗೆರೆ:
ಎಲ್ಲಾ ಓದಿದೆ, ತುಂಬಾ ಉಪಯೋಗ ಆಯ್ತು. ನಮ್ಮ ಮಾವನವರಿಗೆ ಮಂಡಿ ಆಪರೇಷನ್ ಆಗಿದೆ, ಅವರ ತಂಗಿ ಮನೆ ಹೊನ್ನಾವರ ಕಡೇನೇ. ಅವರು ದೋಣೀಲಿ ಕೆಳಗೆ ಕೂರೋಕಾಗಲ್ಲ. ಕುರ್ಚಿ ಹಾಕ್ಬಹುದಾ? ಮತ್ತೆ ಈಗ ಜೂನ್ ಮೊದಲ ವಾರ ಹೋಗ್ಬಹುದಾ?

ಕುಮಟಾ_ಮಾಣಿ:
ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ದೋಣಿ ಅಲುಗಾಡಿದ್ರೆ ಕುರ್ಚಿ ಸಮೇತ ಜಾರ್ತದೆ, ಭಾರ ಮೇಲಿದ್ದಷ್ಟೂ ದೋಣಿ ಓಲಾಡೋದು ಜಾಸ್ತಿ. ಅಡ್ಡ ಹಲಗೆ ಸೀಟು ಇರೋ ದೋಣಿ ಕೇಳಿ, ಮಧ್ಯದ ಹಲಗೆ ಮೇಲೆ ಕೂರಿಸಿ, ಕಾಲು ಚಾಚೋಕೆ ಎದುರಿಗೆ ಜಾಗ ಬಿಡಿ, ಎರಡೂ ಕಡೆ ಒಬ್ಬೊಬ್ರು ಗಟ್ಟಿ ಆಳು ಕೂರ್ಲಿ. ಹತ್ತುವಾಗ ಮೊದಲು ಒಬ್ಬರು ದೋಣೀಲಿ, ಒಬ್ಬರು ಮೆಟ್ಟಿಲ ಮೇಲೆ ನಿಂತಿರ್ಲಿ. ಭರತದ ಹೊತ್ತಿಗೇ.

ಜೂನ್ ಬೇಡ. ಮುಂಗಾರು ಯಾವತ್ತು ಹಿಡಿಯುತ್ತೋ ಹೇಳೋಕಾಗಲ್ಲ, ಹಿಡಿದ ಮೇಲೆ ಹೊಳೆ ಕೆಂಪಾಗಿ ಓಡ್ತದೆ, ಆಗ ದಾಟೋದು ಬೇರೆ ವಿಷಯ, ಸುತ್ತಾಡೋದು ಬೇರೆ ವಿಷಯ. ಈಗ ರಸ್ತೆ ಮೇಲೇ ಹೋಗಿ ತಂಗೀನ ನೋಡ್ಕೊಂಡು ಬನ್ನಿ. ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗ್ತದೆ, ಬಿಸಿಲೂ ಕಡಿಮೆ, ನಿಮ್ಮ ಮಾವನವರಿಗೆ ಮೇ ತಿಂಗಳಿಗಿಂತ ಅದೇ ಒಳ್ಳೇದು. ಅಷ್ಟರೊಳಗೆ ಅವರ ತಂಗಿ ಮನೆಯವರಿಗೆ ಫೋನ್ ಮಾಡಿ ಒಳ್ಳೆ ದೋಣಿಯವರು ಯಾರಿದಾರೆ ಅಂತ ಕೇಳಿಡಿ.